ಅಪ್ಪ ಉಜ್ಜಿದ ತಾಮ್ರ

ಮನೆಯಿಂದ
ಗುರುವಾರ, ಬೆಳಗಿನ ಹೊತ್ತು

ಪ್ರೀತಿಯ ಗುಂಡ,

‘ಪ್ರೀತಿಯ’ ಎಂದು ಬರೆದ ಮೇಲೆ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ ಬಿಡು. ಹೇಗಿದ್ದೀಯಾ? ಮೈಯಲ್ಲಿ ಹುಷಾರಾಗಿದ್ದೀಯಾ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯೋ ಇಲ್ಲವೋ ಎಂದು ಕೇಳಬೇಕಂತೆ, ಅಮ್ಮನ ಅಪ್ಪಣೆ. ಕಂಪನಿಯ ಗೆಸ್ಟ್‌ಹೌಸಿನ ಹಾಸಿಗೆ ತೀರಾ ಮೆತ್ತಗಿದ್ದರೆ ನಿನಗೆ ಸೊಂಟ ಹಿಡಿದುಕೊಳ್ಳುತ್ತದೆ, ಕೆಳಗೆ ಚಾಪೆ ಹಾಸಿಕೊಂಡು ಮಲಗಬೇಕಂತೆ. ಇಲ್ಲಿ ಗಂಡನ ಬಲಗೈ ಚರ್ಮ ಕಿತ್ತು ಬಂದಿದೆ, ಅವಳಿಗೆ ಮಗನ ಸೊಂಟದ ಚಿಂತೆ. ನಾನು ಹಾಗೆಂದು ಬಾಯಿ ಬಿಟ್ಟರೆ, “ಮಗು ಮೇಲೆ ಯಾಕೆ ಹಾಗೆ ಉರಿದು ಬೀಳ್ತೀಯಾ, ಪಾಪ, ಅವನಾದ್ರೂ ಏನು ಮಾಡ್ತಾನೆ” ಎನ್ನುತ್ತಾಳೆ. ಕಿವಿಯ ಪಕ್ಕ ಬಿಳಿ ಕೂದಲು ಇಣುಕುತ್ತಿರುವ ಮಗು ನೀನು. ಆ ಮಗು ಅಕ್ಕನ ಫೋನು ಎತ್ತುವುದಿಲ್ಲ. ಮೆಸೇಜು ಓದಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಹಳೆಯ ಕಾಲದವರ ಹಾಗೆ ಕಾಗದ ಬರೆದು ಕೊರಿಯರ್‌ಗೆ ಹಾಕುತ್ತಿದ್ದೇನೆ. ಫೋನನ್ನು ಮಗುಚಿ ಇಟ್ಟ ಹಾಗೆ ಇದನ್ನು ಮಗುಚಿ ಇಟ್ಟರೂ ಹಿಂದಿನ ಪುಟದಲ್ಲಿ ನನ್ನ ಅಕ್ಷರವೇ ಇರುತ್ತದೆ, ನೋಡಿಕೋ.

ಅಪ್ಪನ ವಿಷಯ ಹೇಳುತ್ತೇನೆ, ನೀನು ಕೇಳದಿದ್ದರೂ. ಮುಖದ ಪಟ್ಟಿ ತೆಗೆದಿದ್ದಾರೆ. ಬಲಗಡೆ ಕೆನ್ನೆ ಬೇರೆ ಯಾರದ್ದೋ ತಂದು ಹೊಲಿದ ಹಾಗಿದೆ, ಆ ಕಡೆಯ ಹುಬ್ಬು ಇಲ್ಲ. ಕನ್ನಡಿಯಲ್ಲಿ ನೋಡಿಕೊಂಡು, “ಈ ಕಡೆಯಿಂದ ನೋಡಿದ್ರೆ ವಯಸ್ಸು ಕಡಿಮೆ ಆಗಿದೆ ಅಲ್ವಾ?” ಎಂದು ಅಮ್ಮನನ್ನು ಕೇಳಿದರು. ಅಮ್ಮ ನಗುತ್ತಾ ಒಳಗೆ ಹೋದವಳು ತುಂಬಾ ಹೊತ್ತು ಹೊರಗೆ ಬರಲಿಲ್ಲ. ಬಲಗೈ ಬೆರಳುಗಳು ಮಡಚುವುದಿಲ್ಲ. ಡಾಕ್ಟರು ಒಂದು ಮೆತ್ತನೆಯ ಚೆಂಡು ಕೊಟ್ಟು ಹಿಸುಕುತ್ತಿರಿ ಎಂದಿದ್ದಾರೆ. ಚೆಂಡು ಕೈಯಿಂದ ಜಾರಿ ಮಂಚದಡಿ ಹೋಗುತ್ತದೆ, ನಾನು ಬಗ್ಗಿ ತೆಗೆದು ಕೊಡುತ್ತೇನೆ. ಅಂಗಿಯ ಗುಂಡಿಗಳನ್ನೆಲ್ಲ ಕಿತ್ತು ಒತ್ತು ಗುಂಡಿ ಹಾಕಿಕೊಟ್ಟಿದ್ದೇನೆ. ಎಂಥ ಬಿಗಿ ನಟ್ಟನ್ನೂ ಒಂದೇ ಸಲಕ್ಕೆ ತಿರುಗಿಸುತ್ತಿದ್ದ ಮನುಷ್ಯ ಈಗ ಅಂಗಿ ಹಾಕಿಕೊಂಡು ಬಂದು, ನೋಡು, ನಾನೇ ಹಾಕಿಕೊಂಡೆ ಎಂದು ತೋರಿಸುತ್ತಾರೆ. ದಿನವೂ ಊಟಕ್ಕೆ ಕೂತಾಗ “ಗುಂಡನ ಫೋನ್ ಬಂತಾ?” ಎಂದು ಕೇಳುತ್ತಾರೆ. ಬಂದಿತ್ತು, ನೀವು ಮಲಗಿದ್ದಿರಿ ಎನ್ನುತ್ತೇನೆ. ನಿನ್ನ ಪರವಾಗಿ ನಾನು ಕಟ್ಟಿ ಹೇಳಿದ ಫೋನುಗಳ ಲೆಕ್ಕ ಕೇಳಬೇಡ. ಅವುಗಳಲ್ಲಿ ನೀನು ತುಂಬಾ ಒಳ್ಳೆಯ ಮಗ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಬೆಳಗ್ಗೆ ಅಪ್ಪ ಕೆಲಸ ಮಾಡುವ ಕಟ್ಟಡದ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ವಿಮೆಯವರು ಬರುತ್ತಾರೆ, ನಿನ್ನ ಬಾಸ್ ಬರುತ್ತಾನೆ, ಅಪ್ಪನನ್ನೂ ಕರೆದಿದ್ದಾರೆ. ಕರೆಂಟಿನ ಪ್ಯಾನೆಲ್ ಸುಟ್ಟಿದ್ದಕ್ಕೆ ಯಾರು ಕಾರಣ ಎಂದು ಅಂದು ತೀರ್ಮಾನ. ಅಪ್ಪ ಕಾರಣ ಎಂದಾದರೆ ಕೆಲಸ ಹೋಗುತ್ತದೆ, ಅದು ಹೋಗಲಿ, ಆ ಕೈಯಲ್ಲಿ ಇನ್ನೇನು ಕೆಲಸ. ಆದರೆ ಕಟ್ಟಡದ ತುಂಬ ಜನ ಇರುವಾಗ ಬೇಕೆಂದೇ ದೋಷ ಮುಚ್ಚಿಟ್ಟ ಮನುಷ್ಯ ಎಂಬ ಹೆಸರು ಬರುತ್ತದೆ, ಪೊಲೀಸ್ ಕಂಪ್ಲೇಂಟ್ ಆಗುತ್ತದೆ. ನೀನು ಬಂದು ಒಂದೇ ಒಂದು ಮಾತು ಹೇಳಬೇಕು: ತಾಮ್ರ ಉಜ್ಜಿದ್ದನ್ನು ಅಪ್ಪ ನನಗೆ ಹೇಳಿದ್ದರು, ನಾನೇ ಕಣ್ಣಾರೆ ನೋಡಿದೆ, ನೋಡಿಯೂ ಮಾಡಬೇಕಾದ್ದು ಮಾಡಲಿಲ್ಲ. ಇಷ್ಟೇ. ಇದನ್ನು ಹೇಳಲು ನಿನಗೆ ಧೈರ್ಯ ಬರಲಿ ಎಂದು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೂ ಒಂದೇ ಸುಳ್ಳನ್ನು ತಿರುತಿರುಗಿ ಹೇಳುತ್ತಿದ್ದರೆ ಹೇಳಿದವನಿಗೇ ಅದು ನಿಜ ಅನಿಸಿಬಿಡುತ್ತದೆ, ಆ ಭಯ ನನಗೆ.

ನಿನಗೆ ಆ ಬಿಸಿ ನೋಡುವ ಕ್ಯಾಮೆರಾದ ಕೆಲಸ ಸಿಕ್ಕಾಗ ಅಪ್ಪ ನೆಲದ ಮೇಲೆ ನಡೆಯುತ್ತಿರಲಿಲ್ಲ. ನೀನು ಅದನ್ನು ಮನೆಗೆ ತಂದು ತೋರಿಸಿದ ದಿನ ನೆನಪಿದೆಯಾ? ಅಮ್ಮನ ಅಂಗೈಯನ್ನು ಗೋಡೆಗೆ ಒತ್ತಿಸಿ, ತೆಗೆದ ಮೇಲೆ ಪರದೆಯಲ್ಲಿ ತೋರಿಸಿದೆ. ಖಾಲಿ ಗೋಡೆಯ ಮೇಲೆ ಅಮ್ಮನ ಕೈ ಹಳದಿಯಾಗಿ ಉಳಿದಿತ್ತು, ಮೆಲ್ಲಗೆ ಮಾಸಿ ಹೋಯಿತು. ಅಮ್ಮ ಹೆದರಿ ಕೈ ಸೆರಗಿನಲ್ಲಿ ಸುತ್ತಿಕೊಂಡಳು. ಅಪ್ಪ ಮಾತ್ರ, “ನಾನು ಇಷ್ಟು ವರ್ಷ ಮೂಗಲ್ಲಿ ವಾಸನೆ ಹಿಡಿದು, ಕಿವಿ ಇಟ್ಟು ಕೇಳಿ ಬಿಸಿ ಹುಡುಕ್ತಿದ್ದೆ, ನನ್ನ ಮಗ ಕಣ್ಣಲ್ಲಿ ನೋಡ್ತಾನೆ” ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ವಿಮೆಯವರು ಕಟ್ಟಡಕ್ಕೆ ಈ ಕ್ಯಾಮೆರಾ ತಪಾಸಣೆ ಆಗಲೇಬೇಕು ಎಂದಾಗ ನಿನ್ನ ಕಂಪನಿಯ ಹೆಸರು ಹೇಳಿದ್ದು ಯಾರು? ಮ್ಯಾನೇಜರ್ ಬೇರೆಯವರನ್ನು ಗೊತ್ತು ಮಾಡಿದ್ದ. ಅಪ್ಪ ಅವನ ಹಿಂದೆ ಸುತ್ತಿ ಸುತ್ತಿ, ಒಂದು ದಿನವೂ ತಮಗಾಗಿ ಏನನ್ನೂ ಕೇಳದ ಮನುಷ್ಯ ನಿನಗಾಗಿ ಹಲ್ಲು ಗಿಂಜಿ ಆ ಕೆಲಸ ನಿಮಗೆ ಕೊಡಿಸಿದರು. ಕಟ್ಟಡ ಎದ್ದ ದಿನದಿಂದ ಅಲ್ಲಿನ ಕರೆಂಟು ನೋಡಿಕೊಂಡವರು ಅವರು. ಕೆಳಗಿನ ಸೂಪರ್‌ಮಾರ್ಕೆಟ್ಟಿನ ಹುಡುಗಿಯರಿಂದ ಮೇಲಿನ ಹಲ್ಲಿನ ಕ್ಲಿನಿಕ್ಕಿನ ಡಾಕ್ಟರ ತನಕ ಎಲ್ಲರಿಗೂ ಅವರು ಕರೆಂಟಣ್ಣ. ಮೆಟ್ಟಿಲ ಕೆಳಗೆ ನನ್ನ ಹೊಲಿಗೆ ಯಂತ್ರಕ್ಕೆ ಒಂದು ಮೂಲೆ ಸಿಕ್ಕಿದ್ದೂ ಆ ಹೆಸರಿನಿಂದಲೇ.

ನೀನು ಬರುವ ಹಿಂದಿನ ದಿನ ಕಟ್ಟಡಕ್ಕೆ ವಾರದ ರಜೆ. ಅಪ್ಪ ಮೈನ್ ಆಫ್ ಮಾಡಿಸಿ, ನೆಲಮಾಳಿಗೆಯ ಪ್ಯಾನೆಲ್ ಬೋರ್ಡಿನ ಬಾಗಿಲುಗಳನ್ನೆಲ್ಲ ತೆಗೆದು, ಒಳಗಿನ ತಾಮ್ರದ ಪಟ್ಟಿಗಳನ್ನು ಉಜ್ಜಲು ಕೂತರು. ಕರೆಂಟು ಹರಿದು ಹರಿದು, ಧೂಳು ಕೂತು ಅವು ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದವು. ಮೊದಲು ನಯವಾದ ಉಪ್ಪುಕಾಗದ, ಆಮೇಲೆ ನನ್ನ ಅಂಗಡಿಯ ಬಟ್ಟೆ ತುಂಡುಗಳು. ನಾನು ಊಟ ತೆಗೆದುಕೊಂಡು ಹೋದಾಗ ಮೂಗಿನ ತುದಿಯಲ್ಲೆಲ್ಲ ಕಂದು ಪುಡಿ. ಇದೆಲ್ಲ ಯಾಕಪ್ಪಾ, ಅವನು ಬರುವುದು ಬಿಸಿ ನೋಡಲಿಕ್ಕೆ, ಹೊಳಪು ನೋಡಲಿಕ್ಕಲ್ಲ ಎಂದೆ. “ಡಾಕ್ಟರ್ ಹತ್ರ ಕರ್ಕೊಂಡು ಹೋಗೋವಾಗ ಮಗೂಗೆ ಸ್ನಾನ ಮಾಡ್ಸಲ್ವಾ? ಫೋಟೋ ತೆಗೀತಾನಲ್ಲ, ಚೆನ್ನಾಗಿ ಬರ್ಲಿ. ಅವನ ಬಾಸ್ ನೋಡಿ, ಯಾರಪ್ಪ ಇದನ್ನ ನೋಡ್ಕೊಳ್ಳೋರು ಅನ್ಬೇಕು” ಎಂದರು. ಒಂದೊಂದು ಬೋಲ್ಟನ್ನೂ ಮತ್ತೆ ಬಿಗಿಮಾಡಿ, ಬಿಗಿಯಾಗಿದೆಯಾ ಎಂದು ಇನ್ನೊಮ್ಮೆ ನೋಡಿ, ಬಾಗಿಲು ಹಾಕುವ ಮುಂಚೆ ದೂರ ನಿಂತು ನೋಡಿಕೊಂಡರು. ಹೊಸ ಪಾತ್ರೆಯ ಅಂಗಡಿಯ ಹಾಗೆ ಹೊಳೆಯುತ್ತಿತ್ತು. ಅವರ ಮುಖವೂ ಹೊಳೆಯುತ್ತಿತ್ತು, ಆಗ ಎರಡೂ ಹುಬ್ಬು ಇದ್ದವು.

ಮಾರನೆಯ ದಿನ ನೀನು ಬಂದೆ. ದಪ್ಪ ಕೋಟು, ಮುಖಕ್ಕೆ ಗಾಜಿನ ಮುಸುಕು, ಕೈಯಲ್ಲಿ ಕ್ಯಾಮೆರಾ. ಟೀ ತರುವ ನೆಪದಲ್ಲಿ ನಾನೂ ಬಾಗಿಲ ಬಳಿ ನಿಂತಿದ್ದೆ, ತಮ್ಮನನ್ನು ಆ ವೇಷದಲ್ಲಿ ನೋಡುವ ಆಸೆ ನನಗೂ ಇತ್ತು. ಮ್ಯಾನೇಜರ್ ಇದ್ದ. ಮೇಲೆ ಅಂಗಡಿಗಳೆಲ್ಲ ತೆರೆದು, ಸೂಪರ್‌ಮಾರ್ಕೆಟ್ಟಿನ ಫ್ರೀಜರ್ ಪೆಟ್ಟಿಗೆಗಳು, ಲಿಫ್ಟು, ಎಲ್ಲ ಓಡುತ್ತಿದ್ದವು. ಮೈನ್ ಆನ್ ಇದ್ದಾಗಲೇ ಬಿಸಿ ಕಾಣುವುದು ಎಂದು ನೀನೇ ವಿವರಿಸಿದೆ. ಅಪ್ಪ ಬಾಗಿಲು ತೆಗೆದು, ನಿನ್ನ ಎದುರೇ, ಮ್ಯಾನೇಜರ್ ಎದುರೇ, “ನಿನ್ನೆ ಇಡೀ ದಿನ ಕೂತು ಉಜ್ಜಿದೀನಿ ಕಣೋ, ನೋಡು ಹೆಂಗಿದೆ” ಎಂದರು. ನೀನು ಕ್ಯಾಮೆರಾ ಹಿಡಿದೆ. ಪರದೆಯಲ್ಲಿ ಪಟ್ಟಿಗಳೆಲ್ಲ ತಣ್ಣನೆಯ ನೀಲಿ, ಅದರ ನಡುವೆ ಒಂದು ಕೆಂಪು ಆಕಾರ. ನೀನು ತಲೆ ಆಡಿಸಿದರೆ ಅದೂ ಆಡಿಸಿತು. ನಿನ್ನ ಮೈಯ ಬಿಸಿಯೇ ತಾಮ್ರದಲ್ಲಿ ಬಿದ್ದು ವಾಪಸು ಬಂದಿತ್ತು. ಅಪ್ಪನಿಗೆ ಹಿಗ್ಗೋ ಹಿಗ್ಗು. “ನೋಡಿ ಸಾರ್, ನನ್ನ ತಾಮ್ರದಲ್ಲಿ ನನ್ನ ಮಗ ಕಾಣ್ತಿದಾನೆ!” ಎಲ್ಲರೂ ನಕ್ಕೆವು. ನೀನೂ ನಕ್ಕೆ. ಆದರೆ ನಿನ್ನ ನಗು ನಡುವೆಯೇ ನಿಂತು ಹೋಗಿದ್ದನ್ನು ನಾನು ನೋಡಿದೆ ಗುಂಡ. ನಿನ್ನನ್ನು ಎತ್ತಿ ಆಡಿಸಿದವಳು ನಾನು, ನಿನ್ನ ಮುಖ ನನಗೆ ಓದಲು ಬರುತ್ತದೆ. ನೀನು ಏನೋ ಹೇಳಲು ಬಾಯಿ ತೆರೆದೆ, ಅಪ್ಪನ ಮುಖ ನೋಡಿದೆ, ಮ್ಯಾನೇಜರ್ ಮುಖ ನೋಡಿದೆ, ನೀನು ಮುಂದೆ ಹೋಗಬೇಕಿದ್ದ ಕಟ್ಟಡದವರ ಫೋನು ಬಂತು, “ಎಲ್ಲ ತಣ್ಣಗಿದೆ ಸಾರ್, ಏನೂ ತೊಂದ್ರೆ ಇಲ್ಲ” ಎಂದು ಬಾಗಿಲು ಹಾಕಿಸಿದೆ. ನಾನು ತಂದ ಟೀ ಕೂಡ ಪೂರ್ತಿ ಕುಡಿಯಲಿಲ್ಲ.

ಆಮೇಲೆ ಬೇಸಿಗೆ ಬಂತು. ಸೂಪರ್‌ಮಾರ್ಕೆಟ್ಟಿನವರು ಇನ್ನಷ್ಟು ಫ್ರೀಜರ್ ಪೆಟ್ಟಿಗೆ ತಂದಿಟ್ಟರು, ಮೇಲೆಲ್ಲ ಏಸಿ ಬಿಡುವಿಲ್ಲದೆ ಓಡಿತು. ಒಂದು ಮಧ್ಯಾಹ್ನ ನಾನು ಯಾರದ್ದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಾಗ ಯಂತ್ರದ ಸದ್ದು ಮಂದವಾಯಿತು, ದೀಪ ಒಮ್ಮೆ ಕಣ್ಣು ಮಿಟುಕಿಸಿತು. ಅಪ್ಪ ನನ್ನ ಎದುರಿನ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ನೆಲಮಾಳಿಗೆಗೆ ಓಡಿದರು. ಮೈನ್ ಆಫ್ ಮಾಡಲು ಹಿಡಿಕೆಗೆ ಕೈ ಹಾಕಿದರಂತೆ, ಆಫ್ ಕೂಡ ಮಾಡಿದರಂತೆ, ಅಷ್ಟರಲ್ಲಿ ಒಳಗಿನಿಂದ ಬೆಂಕಿ ಢಮ್ಮೆಂದು ಹೊರಗೆ ಚಿಮ್ಮಿತು. ಆ ಸದ್ದು ನನ್ನ ಯಂತ್ರದ ಪಾದದ ತನಕ ಬಂತು. ಹೊಗೆಯ ನಡುವಿನಿಂದ ಅವರನ್ನು ಮೇಲೆ ತಂದವರು ಸೂಪರ್‌ಮಾರ್ಕೆಟ್ಟಿನ ಮೂಟೆ ಹೊರುವವರು. ಅಪ್ಪ ಆಫ್ ಮಾಡದಿದ್ದರೆ ಮೇಲಿನವರ ಗತಿ ಏನಾಗುತ್ತಿತ್ತೋ, ಬೇರೆ ಯಾರಿಗೂ ಒಂದು ಗೀರೂ ಆಗಲಿಲ್ಲ. ಆವತ್ತು ಎಲ್ಲರೂ ಹಾಗೆಂದೇ ಹೇಳಿದರು, ಹೂಗುಚ್ಛ ತಂದರು. ಹೂವು ಬಾಡುವ ಮುಂಚೆ ಮಾತು ಬದಲಾಯಿತು.

ನೀನು ಆಸ್ಪತ್ರೆಗೆ ಬಂದೆ, ಇಲ್ಲ ಎನ್ನುವುದಿಲ್ಲ. ಮಂಚದ ತುದಿಯಲ್ಲಿ ನಿಂತು ಅಪ್ಪನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿದ್ದೆ, ಅವರ ಮೈಯಲ್ಲಿ ಮುಟ್ಟಬಹುದಾದ ಜಾಗ ಅದೊಂದೇ ಎನ್ನುವ ಹಾಗೆ. ಅವರು ಔಷಧದ ನಿದ್ದೆಯಲ್ಲಿದ್ದರು. ಅವರಿಗೆ ಎಚ್ಚರವಾದ ಮೇಲೆ ಹೋಗೋ ಎಂದು ನಾನು ಹೇಳಿದೆ. ಕಂಪನಿಯವರು ದೂರದ ಊರಿಗೆ ಹಾಕಿದ್ದಾರೆ, ಬಸ್ಸಿಗೆ ಹೊತ್ತಾಯಿತು ಎಂದೆ ನೀನು. ಅಷ್ಟು ಹೊತ್ತಿಗೆ ನನಗೆ ಇನ್ನೂ ಏನೂ ಗೊತ್ತಿರಲಿಲ್ಲ, ಪಾಪ, ಹುಡುಗ ತುಂಬಾ ಹೆದರಿದ್ದಾನೆ ಎಂದುಕೊಂಡು ದಾರಿಗೆ ಹಣ್ಣು ಕಟ್ಟಿಕೊಟ್ಟೆ.

ಗೊತ್ತಾಗಿದ್ದು ವಿಮೆಯವರು ಕಳಿಸಿದ ಬಿಳಿಗಡ್ಡದ ಇನ್ಸ್‌ಪೆಕ್ಟರಿಂದ. ಅವರ ಕೈಯಲ್ಲೂ ನಿನ್ನದರ ಹಾಗಿನದೇ ಕ್ಯಾಮೆರಾ. ಸುಟ್ಟ ಪ್ಯಾನೆಲ್ಲನ್ನು ನೋಡಿ, ಉಳಿದ ಪಟ್ಟಿಗಳ ಹೊಳಪಿನ ಮೇಲೆ ಬೆರಳು ಆಡಿಸಿದರು. ಟೀ ಕೊಡಲು ಹೋದ ನನ್ನ ಕೈಯಿಂದ ಸ್ಟೀಲ್ ಲೋಟ ತೆಗೆದುಕೊಂಡು ಮೇಜಿನ ಮೇಲಿಟ್ಟು, “ಮುಟ್ಟಿ ನೋಡಮ್ಮ, ಬಿಸಿ ಇದೆಯಾ?” ಎಂದರು. ಬೆರಳು ಸುಟ್ಟಿತು. ಕ್ಯಾಮೆರಾದಲ್ಲಿ ನೋಡಿದರೆ ಲೋಟದ ಮೈ ತಣ್ಣನೆಯ ನೀಲಿ. ಜೇಬಿನಿಂದ ಕಪ್ಪು ಟೇಪು ತೆಗೆದು ಲೋಟಕ್ಕೆ ಚಿಕ್ಕ ತುಂಡು ಅಂಟಿಸಿದರು. ಆ ತುಂಡು ಒಂದೇ ಕೆಂಡದ ಹಾಗೆ ಉರಿಯಿತು, ಪಕ್ಕದ ಸ್ಟೀಲ್ ಆಗಲೂ ನೀಲಿಯೇ. ಹೊಳೆಯುವ ಲೋಹ ಕನ್ನಡಿಯ ಹಾಗೆ, ಎದುರಿಗಿದ್ದವರ ಬಿಸಿ ತೋರಿಸುತ್ತದೆ, ತನ್ನದನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ಮೈನ್ ಆಫ್ ಮಾಡಿಸಿ ಟೇಪು ಅಂಟಿಸಿ, ಮತ್ತೆ ಆನ್ ಮಾಡಿ ನೋಡಬೇಕು, ಈ ಕೆಲಸ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುತ್ತಾರೆ ಎಂದರು. ಆಗ ನಿನ್ನ ನಗು ನಿಂತದ್ದು ಯಾಕೆಂದು ನನಗೆ ಅರ್ಥವಾಯಿತು. ಬೋಲ್ಟು ಸಡಿಲ ಇತ್ತೋ, ಒಳಗೆ ಕೇಬಲ್ ತುದಿಯೇ ಹಾಳಾಗಿತ್ತೋ ಎಂದು ಕೇಳಿದೆ. ಎಲ್ಲ ಕರಗಿ ಒಂದೇ ಮುದ್ದೆಯಾಗಿದೆ, ಇನ್ನು ಯಾರಿಗೂ ಹೇಳಲು ಬರುವುದಿಲ್ಲ, ಆವತ್ತು ನೋಡಿದವರೇ ಹೇಳಬೇಕು ಎಂದರು. ಆವತ್ತು ನೋಡಿದವನು ನೀನು.

ಇಷ್ಟಕ್ಕೆ ನಿಂತಿದ್ದರೆ ಈ ಕಾಗದ ಬೇರೆ ಥರ ಇರುತ್ತಿತ್ತು. ಅಪ್ಪ ನಿನ್ನ ಮೇಲಿನ ಅಭಿಮಾನಕ್ಕೆ ಉಜ್ಜಿದರು, ನೀನು ಅವರ ಮುಖ ಬಾಡೀತು ಎಂದು ಬಾಯಿ ಮುಚ್ಚಿಕೊಂಡೆ. ಎಲ್ಲರ ಎದುರು ಅಪ್ಪನಿಗೆ ‘ನೀವು ಮಾಡಿದ್ದು ತಪ್ಪು, ಎಲ್ಲ ಆಫ್ ಮಾಡಿ’ ಎನ್ನಲು ನನಗಾದರೂ ನಾಲಿಗೆ ಏಳುತ್ತಿತ್ತೋ ಇಲ್ಲವೋ. ಅದನ್ನು ನಾನು ಕ್ಷಮಿಸಿದ್ದೇನೆ, ಬೇಕಾದರೆ ಬರೆದುಕೊಡುತ್ತೇನೆ. ಆಮೇಲಿನದ್ದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಕಳೆದ ವಾರ ಮ್ಯಾನೇಜರ್ ನಮ್ಮನ್ನು ಕರೆಸಿದ. ಅಪ್ಪನಿಗೆ ಕೂರಲು ಹೊರಗೆ ಬೆಂಚು ತೋರಿಸಿ, ನನ್ನನ್ನು ಮಾತ್ರ ಒಳಗೆ ಕರೆದರು. ನಿನ್ನ ಬಾಸ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಬೆಣ್ಣೆಯಂಥ ಮಾತು. ನಿಮ್ಮ ತಂದೆಗೆ ಆದದ್ದಕ್ಕೆ ನಮಗೂ ತುಂಬಾ ಸಂಕಟ ಎಂದ. ಆದರೆ ದೋಷ ಅವರಿಗೆ ಮೊದಲೇ ಗೊತ್ತಿತ್ತು, ಕ್ಯಾಮೆರಾಕ್ಕೆ ಕಾಣದಿರಲಿ ಎಂದೇ ತಾಮ್ರ ಉಜ್ಜಿ ಇಟ್ಟಿದ್ದಾರೆ ಎಂದ. ನನಗೆ ಮೈಯೆಲ್ಲ ಉರಿದು ಹೋಯಿತು. ತಪಾಸಣೆಯ ದಿನ ನಾನೂ ಅಲ್ಲೇ ನಿಂತಿದ್ದೆ, ಅಪ್ಪ ಬಾಯಿಬಿಟ್ಟು ಹೇಳಿದ್ದಾರೆ, ಈ ಮ್ಯಾನೇಜರೂ ಕೇಳಿಸಿಕೊಂಡಿದ್ದಾರೆ ಎಂದೆ. ಮ್ಯಾನೇಜರ್ ಕಿಟಕಿಯ ಕಡೆ ನೋಡುತ್ತಾ, ನಾನು ಆಗ ಫೋನಲ್ಲಿದ್ದೆ, ಸರಿಯಾಗಿ ನೆನಪಿಲ್ಲ ಎಂದ. ತನಗೂ ಗೊತ್ತಿತ್ತು ಎಂದರೆ ವಿಮೆಯ ದುಡ್ಡು ನಿಲ್ಲುತ್ತದೆ, ಅದು ಬರುವ ತನಕ ಅವನಿಗೆ ನೆನಪು ಬರುವುದಿಲ್ಲ ಬಿಡು. ಮಗಳು ಅಪ್ಪನ ಪರ ಮಾತಾಡುವುದು ಸಹಜ, ನಿಮ್ಮ ತಮ್ಮನನ್ನೇ ಕೇಳಿ ಎಂದು ನಿನ್ನ ಬಾಸ್ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ನನ್ನ ಫೋನು ಎತ್ತದವನು ಅವನದ್ದನ್ನು ಒಂದೇ ರಿಂಗಿಗೆ ಎತ್ತಿದೆ. “ಹೌದು ಸಾರ್. ಉಜ್ಜಿದ್ದು ನನಗೆ ಯಾರೂ ಹೇಳಿಲ್ಲ ಸಾರ್. ಮೇಂಟೆನೆನ್ಸ್‌ನವರು ಮುಚ್ಚಿಡೋಕೇ ಉಜ್ಜಿರಬೇಕು.” ಆ ಕೋಣೆಯಲ್ಲಿ ನಾನಿದ್ದೇನೆಂದು ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೇನೋ ಎಂದು ನನಗೆ ನಾನೇ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೆ ಗೊತ್ತಾ?

ಅಪ್ಪ ಎನ್ನಲೂ ಇಲ್ಲ ನೀನು. ‘ಮೇಂಟೆನೆನ್ಸ್‌ನವರು’ ಎಂದೆ. ನಿನ್ನ ಶಾಲೆಯ ಶೂ, ನಿನ್ನ ಡಿಪ್ಲೊಮಾ, ಆ ಕ್ಯಾಮೆರಾ ಹಿಡಿಯಲು ಕಲಿತ ಕೋರ್ಸು, ಎಲ್ಲವನ್ನೂ ಆ ಮೇಂಟೆನೆನ್ಸ್‌ನವರೇ ಕೊಡಿಸಿದ್ದು. ನಿನಗೆ ಸರ್ಟಿಫಿಕೇಟು ಹೋಗುತ್ತದೆಂಬ ಭಯ, ನನಗೆ ಅರ್ಥವಾಗುತ್ತದೆ. ಹೋಗಬಹುದು. ಮತ್ತೆ ಬರೆದು ಪಾಸು ಮಾಡಬಹುದು, ಬೇರೆ ಕೆಲಸ ಹಿಡಿಯಬಹುದು, ನಿನ್ನ ಎರಡೂ ಕೈ ನೆಟ್ಟಗಿವೆ. ಆ ಮನುಷ್ಯನಿಗೆ ಉಳಿದಿರುವುದು ‘ಕರೆಂಟಣ್ಣ ಮುಟ್ಟಿದ್ರೆ ಭಯ ಇಲ್ಲ’ ಎಂಬ ಒಂದು ಮಾತು. ಅದನ್ನೂ ಕಿತ್ತುಕೊಂಡೆಯಲ್ಲ. ಬೇರೆ ಯಾರಾದರೂ ಕಿತ್ತುಕೊಂಡಿದ್ದರೆ ನಾನು ಬೀದಿಯಲ್ಲಿ ನಿಂತು ಜಗಳ ಆಡುತ್ತಿದ್ದೆ. ನಿನ್ನ ಜೊತೆ ಜಗಳ ಆಡಲು ನೀನು ಎದುರಿಗೆ ಬರಬೇಕಲ್ಲ, ಅದಕ್ಕೂ ಗತಿಯಿಲ್ಲ.

ಹೊರಗೆ ಬಂದಾಗ ಅಪ್ಪ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು, ಪಟ್ಟಿ ಸುತ್ತಿದ ಕೈ ಮಡಿಲಲ್ಲಿ. ಏನಂದರು ಎಂದು ಕೇಳಿದರು. ಏನಿಲ್ಲ, ಸೋಮವಾರ ಮತ್ತೆ ಬರಬೇಕಂತೆ, ಗುಂಡನ ಬಾಸ್ ನಿಮ್ಮನ್ನು ತುಂಬಾ ಹೊಗಳಿದ ಎಂದೆ. “ಹೌದಾ” ಎಂದರು. ಮೆಟ್ಟಿಲು ಇಳಿಯುವಾಗ ನನ್ನ ಭುಜ ಹಿಡಿದುಕೊಂಡರು. ಮೊದಲೆಲ್ಲ ಬೇಡ ಬೇಡ ಎನ್ನುತ್ತಿದ್ದವರು. ಮನೆಗೆ ಬಂದ ಮೇಲೆ ಅಮ್ಮನಿಗೆ ವಿಷಯ ಹೇಳಿದೆ. ಅವಳು ನಂಬಲಿಲ್ಲ. ಫೋನಲ್ಲಿ ಬೇರೆ ಯಾರದ್ದೋ ದನಿ ಇರಬೇಕು ಎಂದಳು. ಆಮೇಲೆ ನೀರು ತುಂಬಿದ ಬಕೆಟ್ಟನ್ನೇ ಮತ್ತೆ ನಲ್ಲಿಯ ಕೆಳಗಿಟ್ಟು ನೋಡುತ್ತಾ ನಿಂತಳು.

ಈಗ ನಿನಗೆ ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ. ಶನಿವಾರದೊಳಗೆ ಇದು ನಿನ್ನ ಕೈ ಸೇರುತ್ತದಂತೆ, ಭಾನುವಾರ ಬಸ್ಸು ಹತ್ತಿದರೆ ಸೋಮವಾರ ಬೆಳಗ್ಗೆ ಇಲ್ಲಿರುತ್ತೀಯಾ. ಸೀದಾ ಕಟ್ಟಡಕ್ಕೇ ಬಾ, ಮನೆಗೆ ಬರಲು ಮುಖವಿಲ್ಲದಿದ್ದರೆ ಬೇಡ. ಹೇಳುವ ಮಾತು ಹೇಳಿ ಹಾಗೇ ಹಿಂದಿರುಗಿದರೂ ನಾನು ತಡೆಯುವುದಿಲ್ಲ. ಬಂದರೆ ಇದೇ ಅಕ್ಕ ನಿನ್ನ ಪಕ್ಕ ನಿಲ್ಲುತ್ತಾಳೆ, ನಿನ್ನ ಬಾಸ್ ಏನಾದರೂ ಅಂದರೆ ಅವನ ಬಾಯಿಗೂ ಎರಡು ಹೊಲಿಗೆ ಹಾಕುತ್ತೇನೆ. ಬರದಿದ್ದರೆ ನನಗೆ ತಮ್ಮ ಇದ್ದ ಎಂದು ಹೇಳಿಕೊಳ್ಳುತ್ತೇನೆ, ಇದ್ದಾನೆ ಎನ್ನುವುದಿಲ್ಲ. ಅಮ್ಮ ಒಳಗಿನಿಂದಲೇ ನಿನಗೆ ಆಶೀರ್ವಾದ ಬರಿ ಎಂದು ಕೂಗುತ್ತಿದ್ದಾಳೆ. ಅವಳದು ಕಳಿಸಿದ್ದೇನೆ, ಪೂರ್ತಿ. ನನ್ನದು ಸೋಮವಾರ ಕೈಗೇ ಕೊಡುತ್ತೇನೆ. ಮೈ ಹುಷಾರು.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಗೋಂದು ಹುಡುಕುತ್ತಿದ್ದೆ, ಅಪ್ಪ ಎದ್ದು ಬಂದರು. ಕೊರಿಯರಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಯಾರಿಗೆ ಕಾಗದ ಎಂದು ಕೇಳಲೇ ಇಲ್ಲ. “ಆ ಬೆಂಚಿಗೆ ಎಲ್ಲ ಕೇಳಿಸ್ತದಮ್ಮ. ಆ ಪ್ಲೈವುಡ್ ಗೋಡೆಗೆ ತೂತು ಹೊಡೆದು ವೈರ್ ಎಳೆದಿದ್ದು ನಾನೇ” ಎಂದರು. ಅವತ್ತೇ, ನಿನ್ನ ದನಿಯಲ್ಲೇ, ಎಲ್ಲವನ್ನೂ ಕೇಳಿದ್ದಾರೆ. ಇಷ್ಟು ದಿನ ನನ್ನ ಸುಳ್ಳು ಫೋನುಗಳನ್ನು ಕೇಳಿ ತಲೆದೂಗಿದ್ದಾರೆ. ಸೋಮವಾರ ತಾವೇ ಒಪ್ಪಿಕೊಳ್ಳುತ್ತಾರಂತೆ: ಬೋಲ್ಟು ಸಡಿಲ ಇದ್ದದ್ದು ನನಗೆ ಗೊತ್ತಿತ್ತು, ಮುಚ್ಚಿಡಲು ಉಜ್ಜಿದೆ, ಹುಡುಗನಿಗೆ ಏನೂ ಗೊತ್ತಿಲ್ಲ ಎಂದು. ಕೈ ಹಿಡಿದು ಬೇಡಿಕೊಂಡೆ, ಕೇಳಲಿಲ್ಲ. ನಿನಗೆ ಒಂದು ಮಾತು ಬರೆಯಲು ಹೇಳಿದರು, ಅವರು ಹೇಳಿದ ಹಾಗೇ ಬರೆದಿದ್ದೇನೆ: “ಅವನು ಮಾತ್ರ ಬರೋದು ಬೇಡ ಅಂತ ಬರಿ. ಅವನು ಎದುರಿಗೆ ಕೂತಿದ್ರೆ ನನ್ನ ಬಾಯಲ್ಲಿ ಸುಳ್ಳು ಹೊರಡಲ್ಲ.”

ಗುಂಡ, ನೀನು ಏನೂ ಹೇಳುವುದು ಬೇಡ. ಬಂದು ಅಪ್ಪನ ಎದುರಿನ ಕುರ್ಚಿಯಲ್ಲಿ ಸುಮ್ಮನೆ ಕೂತುಕೋ.